ಮೇಷ್ಟ್ರೇ, ಕಥೆಗೆ ಕತ್ತರಿ ಹಾಕಬೇಡಿ

ಬಿ.ಎಡ್. ಮುಗಿಸಿ ಹೊಸದಾಗಿ ಶಾಲೆ ಸೇರಿದ ತರುಣ ತರುಣಿಯರು ಸಿಕ್ಕಾಗಲೆಲ್ಲ ಒಂದೇ ಗೋಳು ಹೇಳಿಕೊಳ್ಳುತ್ತಾರೆ. ‘ಸಾರ್, ಒಂದೇ ತರಗತಿಯಲ್ಲಿ ಮೂರು ತರದ ಮಕ್ಕಳು. ಕೆಲವರು ನಾನು ಪುಟ ತೆಗೆಯುವ ಮೊದಲೇ ಪಾಠ ಓದಿ ಮುಗಿಸಿರುತ್ತಾರೆ. ಕೆಲವರು ಒತ್ತಕ್ಷರ ಕಂಡರೆ ನಿಂತುಬಿಡುತ್ತಾರೆ. ಇನ್ನು ಕೆಲವರ ಮನೆಯಲ್ಲಿ ಕನ್ನಡವೇ ಇಲ್ಲ. ಇವರಿಗೆಲ್ಲ ಒಂದೇ ಕಥೆ ಹೇಗೆ ಹೇಳಿಕೊಡೋದು?’ ಆಮೇಲೆ ತಾವೇ ಕಂಡುಕೊಂಡ ಉಪಾಯವನ್ನೂ ಹೇಳುತ್ತಾರೆ: ಬೋರ್ಡಿನ ಮೇಲೆ ಸಾರಾಂಶ, ಅದರ ಕೆಳಗೆ ಪ್ರಶ್ನೋತ್ತರ, ಮುಂದಿನ ಪಾಠ. ನಿಮ್ಮ ಕಷ್ಟ ನಿಜ. ಉಪಾಯ ಮಾತ್ರ ಸರಿಯಿಲ್ಲ. ಜಪಾನಿನ ಮೇಷ್ಟ್ರುಗಳು ಇದೇ ಕಷ್ಟವನ್ನು ಹೇಗೆ ಎದುರಿಸಿದರು ಎಂಬುದನ್ನು ಸ್ವಲ್ಪ ಕೇಳಿ.

ಜಪಾನಿನಲ್ಲಿ ನಾಲ್ಕನೇ ತರಗತಿಯ ಮಕ್ಕಳೆಲ್ಲ ಓದುವ ಕಥೆಯೊಂದಿದೆ, ‘ಗೊನ್‌ಗಿತ್ಸುನೆ’. ಬರೆದವರು ಐಚಿ ಪ್ರಾಂತ್ಯದ ಹಂಡಾ ಊರಿನ ನೀಮಿ ನಾನ್‌ಕಿಚಿ. 1931ರಲ್ಲಿ ಅದರ ಕರಡು ಬರೆದಾಗ ಅವರಿಗೆ ಹದಿನೆಂಟು ವರ್ಷ. ಅದೇ ವರ್ಷ ಕೆಲವು ತಿಂಗಳು ಊರಿನ ಶಾಲೆಯಲ್ಲಿ ಬದಲಿ ಮೇಷ್ಟ್ರಾಗಿಯೂ ಇದ್ದರು. ಮರುವರ್ಷ ‘ಅಕಾಯಿ ತೊರಿ’ ಎಂಬ ಮಕ್ಕಳ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಗೊನ್ ಎಂಬ ಒಂಟಿ ನರಿ ಹ್ಯೋಜೂ ಎಂಬ ಬಡವನ ಬಲೆಯಿಂದ ಹಾವುಮೀನು ಕದಿಯುತ್ತದೆ. ಕೆಲವು ದಿನಗಳಲ್ಲಿ ಅವನ ತಾಯಿ ಸಾಯುತ್ತಾಳೆ. ಆಕೆ ಆ ಮೀನಿಗೆ ಆಸೆಪಟ್ಟೇ ಸತ್ತಳೇನೋ ಎಂದು ನರಿ ಸಂಕಟಪಡುತ್ತದೆ. ಮಾಡಿದ್ದನ್ನು ತೀರಿಸಲು ಕಾಡಿನ ಚೆಸ್ಟ್‌ನಟ್ ಕಾಯಿ, ಅಣಬೆ ತಂದು ದಿನವೂ ಗುಟ್ಟಾಗಿ ಅವನ ಮನೆಯಲ್ಲಿ ಇಟ್ಟು ಬರುತ್ತದೆ. ಒಂದು ದಿನ ಹ್ಯೋಜೂ ಕಳ್ಳ ನರಿ ಮತ್ತೆ ಬಂತೆಂದು ಗುಂಡು ಹೊಡೆಯುತ್ತಾನೆ. ನೆಲದ ಮೇಲಿನ ಕಾಯಿಗಳು ಕಣ್ಣಿಗೆ ಬೀಳುವುದು ಆಮೇಲೆ. ನಿಜ ತಿಳಿಯುವ ಹೊತ್ತಿಗೆ ಕೈ ಮೀರಿರುತ್ತದೆ.

ಈ ಕಥೆಯ ನಡುವೆ ಸಾವಿನ ಮನೆಯ ದೃಶ್ಯವಿದೆ. ಹೆಂಗಸರು ಒಳ್ಳೆಯ ಬಟ್ಟೆ ಉಟ್ಟು ಸೇರಿದ್ದಾರೆ, ದೊಡ್ಡ ಪಾತ್ರೆಯಲ್ಲಿ ಏನೋ ಕುದಿಯುತ್ತಿದೆ. ಪತ್ರಕರ್ತ ಇಶಿಯಿ ಕೋತಾ 2022ರ ತಮ್ಮ ಪುಸ್ತಕದಲ್ಲಿ ಒಂದು ತರಗತಿಯನ್ನು ವರ್ಣಿಸಿದ್ದಾರೆ. ಪಾತ್ರೆಯಲ್ಲಿ ಬೇಯುತ್ತಿರುವುದೇನು ಎಂದು ಮೇಷ್ಟ್ರು ಕೇಳಿದರೆ, ಸತ್ತ ತಾಯಿಯ ದೇಹವನ್ನೇ ಬೇಯಿಸುತ್ತಿದ್ದಾರೆ ಎಂದು ಮಕ್ಕಳು ಉತ್ತರಿಸಿದರಂತೆ. ತಮಾಷೆಗಲ್ಲ, ಗುಂಪಿನಲ್ಲಿ ಕೂತು ಚರ್ಚಿಸಿ ಕೊಟ್ಟ ಉತ್ತರ. ಅಕ್ಷರ ಬಾರದ ಮಕ್ಕಳೇನೂ ಅಲ್ಲ ಅವರು. ಆದರೆ ಸಾವಿನ ಮನೆಗೆ ಅಕ್ಕಪಕ್ಕದವರು ಸೇರಿ ಬಂದವರಿಗೆ ಅಡುಗೆ ಮಾಡುವುದನ್ನು ಈಗಿನ ಮಕ್ಕಳು ಎಲ್ಲಿ ನೋಡಬೇಕು?

ನಗಬೇಡಿ. ಅದೇ ಪುಟವನ್ನು ನಮ್ಮ ಮಕ್ಕಳ ಮುಂದಿಟ್ಟರೆ ಅವರೂ ಎಡವುತ್ತಾರೆ. ಹೆಣ ಎತ್ತುವವರೆಗೆ ಒಲೆ ಹಚ್ಚಬಾರದು ಎನ್ನುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅಂಥ ಮನೆಯ ಮಗುವಿಗೆ ಆ ಪಾತ್ರೆ ಒಗಟೇ ಸರಿ. ಆದ್ದರಿಂದ ಯಾರು ಜಾಣ, ಯಾರು ದಡ್ಡ ಎಂದು ಓದುವ ವೇಗ ನೋಡಿ ತೀರ್ಮಾನಿಸಬೇಡಿ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಒಂದು ಕಥೆಯಲ್ಲಿ ಕಣದ ರಾಶಿ ಪೂಜೆ ಬರುತ್ತಿತ್ತು. ಒಂದೂ ತಪ್ಪಿಲ್ಲದೆ ಓದಿದ ಹುಡುಗಿಗೆ ರಾಶಿ ಎಂದರೆ ಜನ್ಮರಾಶಿ ಮಾತ್ರ ಗೊತ್ತು. ಕೊನೆಯ ಬೆಂಚಿನಲ್ಲಿ ಅಕ್ಷರ ಕೂಡಿಸಿ ಓದುತ್ತಿದ್ದ ಹುಡುಗ ಎದ್ದು ನಿಂತು, ರಾಶಿಯ ನೆತ್ತಿಗೆ ಏನು ಸಿಕ್ಕಿಸುತ್ತಾರೆ, ಅಳೆಯುವಾಗ ಯಾಕೆ ಮಾತಾಡಬಾರದು ಎಂದೆಲ್ಲ ಹೇಳಿದ. ಅವತ್ತು ಆ ಪಾಠಕ್ಕೆ ಅವನೇ ಮೇಷ್ಟ್ರು. ಬರೀ ಸಾರಾಂಶ ಬರೆಸಿದ್ದರೆ ಅವನು ಬಾಯಿ ಬಿಡುತ್ತಿರಲಿಲ್ಲ. ಸಾರಾಂಶದಲ್ಲಿ ಕಣವೂ ಉಳಿಯುವುದಿಲ್ಲ, ಕುದಿಯುವ ಪಾತ್ರೆಯೂ ಉಳಿಯುವುದಿಲ್ಲ.

ಮಕ್ಕಳು ಹೀಗೆ ಒಬ್ಬೊಬ್ಬರೂ ಒಂದೊಂದು ತರ ಇದ್ದರೆ ಕೆಲಸ ಕೊಡುವುದು ಹೇಗೆ? ಒಮುರಾ ಹಾಮಾ ಎಂಬ ಅಧ್ಯಾಪಕಿಯ ವಿಷಯ ಹೇಳುತ್ತೇನೆ. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅವರು ಟೋಕಿಯೊದ ಫುಕಾಗಾವಾ ಪ್ರದೇಶದ ಹೊಸ ಮಾಧ್ಯಮಿಕ ಶಾಲೆಗೆ ಹೋದರು. ಬಾಂಬಿಗೆ ಸುಟ್ಟುಹೋದ ಪ್ರದೇಶ. ಪುಸ್ತಕವಿಲ್ಲ, ಕಾಗದವಿಲ್ಲ, ಮಕ್ಕಳು ಒಂದು ಕಡೆ ಕೂರುವವರಲ್ಲ. ಅವರು ಸಾಮಾನು ಸುತ್ತಿಟ್ಟಿದ್ದ ಹಳೆಯ ಪತ್ರಿಕೆಗಳನ್ನು ತೆಗೆದು ಕತ್ತರಿಸಿ, ಸುಮಾರು ನೂರು ತುಂಡು ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಪ್ರಶ್ನೆ ಬರೆದು, ಒಬ್ಬೊಬ್ಬ ಮಗುವನ್ನೇ ಹಿಡಿದು ಕೈಗೆ ಕೊಟ್ಟರು. ಗಲಾಟೆ ಮಾಡುತ್ತಿದ್ದ ಮಕ್ಕಳು ಸಿಕ್ಕ ಸಿಕ್ಕ ಮೂಲೆಯಲ್ಲಿ ಕೂತು ಓದತೊಡಗಿದರು. ಆಕೆ 1980ರಲ್ಲಿ ನಿವೃತ್ತರಾಗುವವರೆಗೂ ಇದೇ ದಾರಿ ಹಿಡಿದರು. ಪ್ರತಿ ಮಗುವಿನ ಕೈಯಲ್ಲೂ ಅದರದೇ ಕೆಲಸವಿದ್ದರೆ, ಪಕ್ಕದವನಿಗಿಂತ ನಾನು ಮೇಲೋ ಕೆಳಗೋ ಎಂದು ಅಳೆದು ನೋಡಿಕೊಳ್ಳಲು ಅದಕ್ಕೆ ಪುರಸೊತ್ತಿರುವುದಿಲ್ಲ.

ನಮ್ಮಲ್ಲಿ ಇವತ್ತಿಗೂ ಏನು ನಡೆಯುತ್ತಿದೆ ನೋಡಿ. ಸಾಲಾಗಿ ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸುತ್ತೇವೆ. ತೊದಲುವ ಹುಡುಗ ತನ್ನ ಸರದಿ ಬರುವವರೆಗೆ ಕಥೆ ಕೇಳುವುದಿಲ್ಲ, ತನ್ನ ಪಾಲಿಗೆ ಬರುವ ಸಾಲು ಯಾವುದು ಎಂದು ಎಣಿಸುತ್ತಾ ಕೂತಿರುತ್ತಾನೆ. ಈ ಅಭ್ಯಾಸ ಬಿಡಿ. ಮೊದಲು ನೀವೇ ಇಡೀ ಕಥೆಯನ್ನು ಗಟ್ಟಿಯಾಗಿ, ಭಾವ ತುಂಬಿ ಓದಿ. ಕಥೆ ಕಿವಿಗೆ ಬೀಳುವಾಗ ಎಲ್ಲ ಮಕ್ಕಳೂ ಸಮ. ಮರುದಿನ ಯಾರು ಯಾವ ಭಾಗ ಓದಬೇಕೆಂದು ಮುಂಚೆಯೇ ಹೇಳಿ, ಮನೆಯಲ್ಲಿ ಓದಿಕೊಂಡು ಬರಲಿ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಮನೆಯಲ್ಲಿ ಗಟ್ಟಿಯಾಗಿ ಓದುವುದೂ ಹೋಮ್‌ವರ್ಕ್. ಕೇಳಿಸಿಕೊಂಡ ಅಪ್ಪನೋ ಅಮ್ಮನೋ ಕಾರ್ಡಿನಲ್ಲಿ ಗುರುತು ಹಾಕಿ ಕಳಿಸುತ್ತಾರೆ. ಇದಕ್ಕೆ ಕಾಸು ಖರ್ಚಿಲ್ಲ.

ಭಾಷೆಯೇ ಬೇರೆಯಾದ ಮಕ್ಕಳ ಮಾತಿಗೆ ಬರೋಣ. 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಜಪಾನಿನ ಸರ್ಕಾರಿ ಶಾಲೆಗಳಲ್ಲಿ ಜಪಾನಿ ಭಾಷೆಗೆ ಪ್ರತ್ಯೇಕ ಪಾಠ ಬೇಕಾದ ಮಕ್ಕಳು ಸುಮಾರು 69 ಸಾವಿರ. ಅವರಲ್ಲಿ ಅತಿ ಹೆಚ್ಚು ಮಂದಿ ಇರುವುದು ನಾನ್‌ಕಿಚಿ ಹುಟ್ಟಿದ ಐಚಿಯಲ್ಲೇ. ಅಲ್ಲಿ ಹಲವರು ಕಾರ್ಖಾನೆ ಕೆಲಸಕ್ಕೆ ಬ್ರೆಜಿಲ್ ಮೊದಲಾದ ಕಡೆಯಿಂದ ಬಂದವರ ಮಕ್ಕಳು. ಅಂಥವರಿಗಾಗಿ ಪಾಠದ ಕಥೆಯನ್ನು ಸಣ್ಣ ವಾಕ್ಯಗಳಲ್ಲಿ, ಕಠಿಣ ಲಿಪಿಯ ಮೇಲೆ ಉಚ್ಚಾರ ಬರೆದು, ಸರಳ ಮಾಡಿ ಕೊಡುವ ರೂಢಿ ಅಲ್ಲಿದೆ. ಹಾಗೆ ಸರಳ ಮಾಡುವುದು ಏಣಿ ಇಟ್ಟ ಹಾಗೆ: ಮಗು ಅದನ್ನು ಹತ್ತಿ ಮೂಲ ಕಥೆಗೆ ಬರಬೇಕು, ಏಣಿಯ ಮೇಲೇ ಕೂತಿರಬಾರದು. ನಿಮ್ಮ ತರಗತಿಯಲ್ಲಿ ತೆಲುಗು, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳಿದ್ದರೆ ಸರಳ ರೂಪವನ್ನು ಧಾರಾಳವಾಗಿ ಕೊಡಿ, ಆದರೆ ಪಾಠಕ್ಕೆ ಹಿಂದಿನ ದಿನ ಕೊಡಿ. ಪಾಠದ ಹೊತ್ತಿಗೆ ಎಲ್ಲರ ಮುಂದೆಯೂ ಅದೇ ಕಥೆ, ಅದೇ ಪುಟ ಇರಲಿ.

ಇನ್ನು ಬೇಗ ಓದುವವರು. ಅವರ ಬಾಯಿ ಮುಚ್ಚಿಸಲು ಇನ್ನಷ್ಟು ಪ್ರಶ್ನೆ ಹೇರುವುದು ಸುಲಭ. ಕೋಬೆಯ ನಾಡಾ ಶಾಲೆಯ ಹಾಶಿಮೊಟೊ ತಾಕೇಶಿ ಹಾಗೆ ಮಾಡಲಿಲ್ಲ. 1950ರಿಂದ ಅವರು ನಾಕಾ ಕಾನ್‌ಸುಕೆಯ ‘ಗಿನ್ ನೊ ಸಾಜಿ’ ಎಂಬ ಒಂದೇ ಸಣ್ಣ ಪುಸ್ತಕವನ್ನು ಮೂರು ವರ್ಷ ಪಾಠ ಮಾಡಿದರು. ಕಥೆಯ ಹುಡುಗ ಮಿಠಾಯಿ ತಿಂದರೆ ತರಗತಿಯೂ ತಿನ್ನುತ್ತಿತ್ತು. ಗಾಳಿಪಟ ಬಂದರೆ ತರಗತಿಯೂ ಗಾಳಿಪಟ ಹಾರಿಸುತ್ತಿತ್ತು. ಮೂರು ವರ್ಷ ನಿಮಗೆ ಯಾರೂ ಕೊಡುವುದಿಲ್ಲ, ಬಲ್ಲೆ. ಮೂರು ಪಿರಿಯಡ್ ಸಾಕು. ಗೊನ್ ಕಥೆಯನ್ನೇ ನೋಡಿ. ನಾನ್‌ಕಿಚಿಯ ಕರಡಿನಲ್ಲಿ ಗುಂಡು ತಿಂದ ನರಿಗೆ ಕೊನೆಗೆ ಸಂತೋಷವಾಯಿತು ಎಂದಿದೆ. ಅಚ್ಚಾದ ಕಥೆಯಲ್ಲಿ ಅದು ಕಣ್ಣು ಮುಚ್ಚಿಕೊಂಡೇ ಹೌದೆಂಬಂತೆ ತಲೆಯಾಡಿಸುತ್ತದೆ, ಅಷ್ಟೇ. ಎರಡರಲ್ಲಿ ಯಾವುದು ಸರಿ ಎಂದು ಕೇಳಿದರೆ ಜಾಣ ಹುಡುಗಿಯೂ ಯೋಚಿಸಬೇಕು, ಅಕ್ಷರ ಕೂಡಿಸುವ ಹುಡುಗನಿಗೂ ಹೇಳಲು ಮಾತಿರುತ್ತದೆ. ಇಂಥ ಒಂದು ಪ್ರಶ್ನೆ ಹುಡುಕುವುದೇ ನಿಮ್ಮ ನಿಜವಾದ ಪಾಠಯೋಜನೆ. ಮಾಸ್ತಿಯವರ ಕಥೆಯಾಗಲಿ, ದೇವನೂರರ ಕಥೆಯಾಗಲಿ, ಪ್ರತಿಯೊಂದರಲ್ಲೂ ಅಂಥ ಪ್ರಶ್ನೆ ಇದ್ದೇ ಇರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ. ಈಗ ಮೇಷ್ಟ್ರುಗಳೇ ಕಥೆ ಓದುವುದನ್ನು ಬಿಡುತ್ತಿದ್ದಾರೆ. ಗೈಡ್ ಇದೆ, ಮೊಬೈಲಿನಲ್ಲಿ ಕೇಳಿದರೆ ಅರೆಗಳಿಗೆಯಲ್ಲಿ ಸಾರಾಂಶ ಬರುತ್ತದೆ. ಸಾರಾಂಶ ಓದಿದವರು ಸಾರಾಂಶವನ್ನಷ್ಟೇ ಹೇಳಿಕೊಡಬಲ್ಲರು. ಸಿಲಬಸ್ ಮುಗಿಯುವುದಿಲ್ಲ, ಹೆಡ್ಮಾಸ್ಟರು ಬಿಡುವುದಿಲ್ಲ ಎನ್ನಬೇಡಿ. ವರ್ಷದ ಎಲ್ಲ ಪಾಠಕ್ಕೂ ಹೀಗೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಒಂದು ಕಥೆ ಆರಿಸಿಕೊಳ್ಳಿ. ಇವತ್ತು ರಾತ್ರಿ ಗೈಡ್ ಪಕ್ಕಕ್ಕಿಟ್ಟು ಅದನ್ನು ಎರಡು ಸಲ ಓದಿ. ಮಕ್ಕಳು ಎಲ್ಲಿ ಎಡವಬಹುದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಎಲ್ಲರೂ ಬಾಯಿ ಬಿಡಬಹುದಾದ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. ಪಾಠದ ದಿನ ಆ ಪ್ರಶ್ನೆಯನ್ನು ಮೊದಲು ಕೊನೆಯ ಬೆಂಚಿಗೆ ಕೇಳಿ, ಉತ್ತರ ಬರುವವರೆಗೆ ಅವಸರ ಮಾಡದೆ ಕಾಯಿರಿ.