ಗಂಡಸಿನ ಬಲ ಯಾರಿಗಾಗಿ?

ಮಗನೇ, ನಿನ್ನದೀಗ ಮೈತುಂಬ ಕಸುವಿರುವ ವಯಸ್ಸು. ಬೆಳಿಗ್ಗೆ ಎದ್ದು ಜಿಮ್ಮಿಗೆ ಹೋಗುತ್ತೀಯ, ಒಳ್ಳೆಯದೇ. ದೇವರು ಕೊಟ್ಟ ದೇಹವನ್ನು ಗಟ್ಟಿಯಾಗಿ ಇಟ್ಟುಕೊಳ್ಳಬೇಕು. ಆದರೆ ಜ್ಞಾನಸ್ನಾನ ಪಡೆದ ಗಂಡುಮಗ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಈ ಬಲ ಯಾರಿಗಾಗಿ?

ಬೈಬಲಿನ ಸಂಸೋನ ನಿನಗೆ ಗೊತ್ತು. ಬರಿಗೈಯಲ್ಲಿ ಸಿಂಹವನ್ನು ಸೀಳಿದವನು. ಗಾಜಾ ಊರಿನ ಹೆಬ್ಬಾಗಿಲನ್ನೇ ಕಿತ್ತು ಹೆಗಲ ಮೇಲೆ ಹೊತ್ತವನು. ತನ್ನ ಆಸೆಯನ್ನೂ ಸಿಟ್ಟನ್ನೂ ಹತೋಟಿಯಲ್ಲಿಡಲು ಮಾತ್ರ ಅವನಿಂದ ಆಗಲಿಲ್ಲ. ಕಣ್ಣು ಕಳೆದುಕೊಂಡು ಶತ್ರುಗಳ ಸೆರೆಯಲ್ಲಿ ಹಿಟ್ಟು ಬೀಸಬೇಕಾಯಿತು. ತನ್ನನ್ನು ತಾನು ಆಳಲಾರದವನ ಬಲ ಅವನನ್ನು ಕಾಯುವುದಿಲ್ಲ.

ಇನ್ನು ಸಂತ ಜೋಸೆಫರನ್ನು ನೋಡು. ನಾಲ್ಕು ಶುಭಸಂದೇಶಗಳಲ್ಲಿ ಹುಡುಕಿದರೂ ಅವರಾಡಿದ ಒಂದು ಮಾತೂ ಸಿಗುವುದಿಲ್ಲ. ತಮಗೆ ನಿಶ್ಚಯವಾಗಿದ್ದ ಮರಿಯ ಗರ್ಭಿಣಿ ಎಂದು ತಿಳಿದಾಗ ಊರ ಮುಂದೆ ಆಕೆಯ ಮಾನ ಕಳೆಯಲು ಅವರು ಒಪ್ಪಲಿಲ್ಲ. ದೇವದೂತನ ಮಾತನ್ನು ನಂಬಿ ಆಕೆಯನ್ನು ಮನೆಗೆ ಕರೆತಂದರು. ಅರಸ ಹೆರೋದನು ಮಗು ಯೇಸುವನ್ನು ಕೊಲ್ಲಿಸಲು ಹೊರಟಾಗ ರಾತ್ರೋರಾತ್ರಿ ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ನಡೆದರು. ಬಡಗಿಯಾಗಿ ದುಡಿದರು. ಅವರ ಕಸುವೆಲ್ಲ ಆ ಇಬ್ಬರನ್ನು ಕಾಯುವುದಕ್ಕೇ ಸಂದಿತು. ಅಂಥವರನ್ನು ಧರ್ಮಸಭೆ 1870ರಲ್ಲಿ ತನ್ನ ಪಾಲಕರೆಂದು ಸಾರಿತು.

ಅವರ ಹೆಸರನ್ನೇ ಹೊತ್ತ ಇನ್ನೊಬ್ಬರು ನಮ್ಮ ಕರಾವಳಿಯಲ್ಲೇ ಓಡಾಡಿದ್ದಾರೆ. ಸಂತ ಜೋಸೆಫ್ ವಾಜ್ 1651ರಲ್ಲಿ ಗೋವೆಯಲ್ಲಿ ಹುಟ್ಟಿ, ಗುರುಗಳಾಗಿ ಕೆನರಾದಲ್ಲಿ ಕೆಲವು ವರ್ಷ ಸೇವೆ ಮಾಡಿದರು. 1687ರಲ್ಲಿ ವೇಷ ಮರೆಸಿಕೊಂಡು ಶ್ರೀಲಂಕಾಕ್ಕೆ ಹೋದರು, ಏಕೆಂದರೆ ಅಲ್ಲಿನ ಕರಾವಳಿಯನ್ನು ಆಳುತ್ತಿದ್ದ ಡಚ್ಚರು ಕಥೋಲಿಕ ಗುರುಗಳನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಕ್ಯಾಂಡಿಯಲ್ಲಿ ಗೂಢಚಾರನೆಂಬ ಅನುಮಾನಕ್ಕೆ ಸೆರೆಮನೆ ಕಂಡರು. 1697ರಲ್ಲಿ ಅದೇ ಊರಿಗೆ ಸಿಡುಬು ಬಡಿದು, ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ, ಅವರು ಅಲ್ಲೇ ಉಳಿದು ರೋಗಿಗಳ ಆರೈಕೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು. ಓಡಿಹೋಗಬಹುದಾದಲ್ಲಿ ಓಡದೆ ನಿಲ್ಲುವುದಕ್ಕೆ ಎಂಥ ಗಂಡೆದೆ ಬೇಕು, ಯೋಚಿಸು.

ಇವರಿಬ್ಬರೂ ನಂಬಿದ ಯೇಸುಸ್ವಾಮಿ ಗೆಳೆಯ ಲಾಜರನ ಸಮಾಧಿಯ ಬಳಿ ಎಲ್ಲರೆದುರು ಅತ್ತರು. ಸಾಯುವ ಹಿಂದಿನ ರಾತ್ರಿ ಸೊಂಟಕ್ಕೆ ವಸ್ತ್ರ ಕಟ್ಟಿ ಶಿಷ್ಯರ ಕಾಲು ತೊಳೆದರು. ದ್ರೋಹ ಬಗೆಯಲಿದ್ದ ಯೂದನ ಕಾಲನ್ನೂ ಬಿಡಲಿಲ್ಲ. ಹಾಗಾಗಿ ಅಳುವುದು, ಬಗ್ಗುವುದು, ಕ್ಷಮಿಸುವುದು ಗಂಡಸಿಗೆ ಹೇಳಿದ್ದಲ್ಲ ಎಂದು ಯಾರಾದರೂ ಅಂದರೆ ನಂಬಬೇಡ.

ನಾಳೆ ನಿನಗೂ ಮದುವೆಯಾಗುತ್ತದೆ. ಹೆಂಡತಿ ತಗ್ಗಿ ನಡೆಯಬೇಕೆಂದು ಸಂತ ಪೌಲರೇ ಹೇಳಿದ್ದಾರೆ ಎನ್ನುವ ಗಂಡಸರು ನಿನಗೆ ಸಿಗುತ್ತಾರೆ. ಎಫೆಸದವರಿಗೆ ಬರೆದ ಆ ಪತ್ರವನ್ನು ನೀನು ಮುಂದಕ್ಕೂ ಓದು. ಕ್ರಿಸ್ತರು ಧರ್ಮಸಭೆಗಾಗಿ ಪ್ರಾಣ ಕೊಟ್ಟಂತೆ ಗಂಡನು ಹೆಂಡತಿಯನ್ನು ಪ್ರೀತಿಸಬೇಕು ಎಂದು ಅಲ್ಲೇ ಇದೆ. ಹೆಚ್ಚಿನ ಹೊರೆ ಗಂಡನ ಹೆಗಲ ಮೇಲಿದೆ. ಹೆಂಡತಿಯ ಮೇಲೆ ಕೈಯೆತ್ತುವವನು ಎಷ್ಟು ಪೂಜೆ ಕೇಳಿದರೂ ಆ ಪತ್ರದ ಅರ್ಥವನ್ನು ತಿಳಿದವನಲ್ಲ.

ಆದ್ದರಿಂದ ಇಂದಿನಿಂದಲೇ ಅಭ್ಯಾಸ ಮಾಡು. ಸಿಟ್ಟು ನೆತ್ತಿಗೇರಿದಾಗ ಬಾಯಿಗೆ ಬೀಗ ಹಾಕು. ಗೆಳೆಯರು ಕುಡಿಯಲು ಕರೆದರೆ ಒಲ್ಲೆ ಎಂದು ನೇರವಾಗಿ ಹೇಳು. ಹಾಸಿಗೆ ಹಿಡಿದ ಅಜ್ಜನನ್ನು ಸ್ನಾನ ಮಾಡಿಸುವ ಕೆಲಸವನ್ನು ಅಮ್ಮನ ತಲೆಗೇ ಕಟ್ಟಬೇಡ. ತಪ್ಪು ಮಾಡಿದರೆ ಪಾಪನಿವೇದನೆಗೆ ಹೋಗು, ಅದಕ್ಕೂ ಮುಂಚೆ ನೊಂದವರ ಬಳಿ ಹೋಗಿ ಕ್ಷಮೆ ಕೇಳು. ಮನಸ್ಸು ಕುಸಿದಾಗ ಒಬ್ಬನೇ ನರಳದೆ ನಂಬಿಕಸ್ಥರೊಡನೆ ಹೇಳಿಕೊಂಡು ಅಳು, ಪ್ರಾರ್ಥಿಸು.

ನೀನು ಮನೆಯೊಳಗೆ ಕಾಲಿಟ್ಟಾಗ ಮನೆಯವರು ಹೆದರಿ ಸುಮ್ಮನಾಗಬಾರದು, ನೆಮ್ಮದಿಯಿಂದ ಮಾತು ಮುಂದುವರಿಸಬೇಕು. ಅಂಥ ಗಂಡಸಾಗು, ಮಗನೇ. ದೇವರು ನಿನ್ನನ್ನು ಹರಸಲಿ.