ಅಂಗಳಕ್ಕೆ ಹೋದ ಬಾಲವಾಡಿ

ಶಿಶುಪಾಲನೆಯ ಶಾಸ್ತ್ರವನ್ನು ಗ್ರಂಥಗಳಿಂದ ತಿಳಿಯಬಹುದು. ಆದರೆ ಅದರಲ್ಲಿ ಎಷ್ಟು ಭಾಗ ನಮ್ಮ ನೆಲಕ್ಕೆ ಒಗ್ಗುವುದೆಂಬುದನ್ನು ಮಕ್ಕಳ ಮೂಗೊರೆಸಿದ ಕೈಗಳೇ ಹೇಳಬೇಕು. ಇದಕ್ಕೆ ನಿದರ್ಶನ ಬೇಕಾದರೆ ನಾವು ದೂರ ಹೋಗಬೇಕಾಗಿಲ್ಲ. ಮುಂಬಯಿಯಲ್ಲಿಯೇ ಹುಟ್ಟಿದ ತಾರಾಬಾಯಿ ಮೋಡಕ (1892–1973) ಅವರ ಕಾರ್ಯವನ್ನು ನೋಡಿದರೆ ಸಾಕು.

ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ದುಡಿದು ಮಾಂಟೆಸರಿ ಪದ್ಧತಿಯಲ್ಲಿ ನುರಿತಿದ್ದ ತಾರಾಬಾಯಿಯವರು 1936ರಲ್ಲಿ ದಾದರದಲ್ಲಿ ಶಿಶುವಿಹಾರವನ್ನು ತೆರೆದರು. ಆದರೆ ಆ ಪದ್ಧತಿಯ ಉಪಕರಣಗಳು ಬಹು ಬೆಲೆಯವು. ಬಡವರ ಮಕ್ಕಳಿಗೇನು ಗತಿ? ಈ ಪ್ರಶ್ನೆಯನ್ನು ಹೊತ್ತು ಅವರು 1945ರಲ್ಲಿ ಡಹಾಣುವಿನಾಚೆಯ ಕಡಲತೀರದ ಗ್ರಾಮವಾದ ಬೋರ್ಡಿಗೆ ತೆರಳಿದರು. ಅಲ್ಲಿ ಅನುತಾಯಿ ವಾಘ ಅವರು ಅವರಿಗೆ ಬಲಗೈಯಾಗಿ ನಿಂತರು.

ಬಾಲವಾಡಿಯೇನೋ ತೆರೆಯಿತು, ದಲಿತರ ಕೇರಿಯ ಮಕ್ಕಳು ಮಾತ್ರ ಬರಲಿಲ್ಲ. ಬೆಳಗಾಗುತ್ತಲೇ ಕೂಲಿಗೆ ಹೊರಡುವ ತಾಯಿ ಮಗುವನ್ನು ಮೀಯಿಸಿ, ತಲೆ ಬಾಚಿ ಕಳುಹಿಸುವುದೆಂತು? ಮಗು ಬಾರದಿದ್ದರೆ ಶಾಲೆಯೇ ಅದರ ಬಳಿಗೆ ಹೋಗಬೇಕೆಂದು ನಿಶ್ಚಯವಾಯಿತು. ಹೀಗೆ ಮನೆಗಳ ಅಂಗಳದಲ್ಲಿ ಕೂಡಿದ ಬಾಲವಾಡಿಯೇ ಅಂಗನವಾಡಿ. ಸ್ನಾನ ಮಾಡಿಸುವುದು, ಉಗುರು ಕತ್ತರಿಸುವುದು ಅಲ್ಲಿ ಪಾಠದ ಭಾಗವೇ ಆದವು. ಬೆಲೆಯುಳ್ಳ ಉಪಕರಣಗಳ ಸ್ಥಾನಕ್ಕೆ ಚಿಪ್ಪು, ಬೆಣಚುಕಲ್ಲು, ಬೀಜ, ಎಲೆಗಳು ಬಂದವು. ಚಿಪ್ಪುಗಳನ್ನು ಗಾತ್ರಕ್ಕನುಸಾರವಾಗಿ ಸಾಲಿಗಿಡುವ ಮಗು ಹಿರಿದು ಕಿರಿದುಗಳ ಭೇದವನ್ನು ಅರಿಯುವುದರಲ್ಲಿ ಯಾರಿಗೂ ಹಿಂದೆ ಬೀಳದೆಂದು ನಮ್ಮ ಎಣಿಕೆ.

1957ರಲ್ಲಿ ಸಂಸ್ಥೆಯು ಕೋಸಬಾಡದ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ ನೆಲೆಗೊಂಡಿತು. ಶಾಲೆಗೆ ಬರಬೇಕಾದ ಹುಡುಗಿಯ ಕಂಕುಳಲ್ಲಿ ತಮ್ಮನೋ ತಂಗಿಯೋ ಇರುತ್ತಿತ್ತು. ಕೂಸನ್ನು ಎಲ್ಲಿ ಬಿಡಬೇಕು? ಆದುದರಿಂದ ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೆಡೆಗೆ ತಂದರು. ಕೂಸು ತೊಟ್ಟಿಲಲ್ಲಿ ಮಲಗಿತು. ಅಕ್ಕ ಪಾಟಿ ಹಿಡಿದಳು. ದನ ಕಾಯುವ ಹುಡುಗರಿಗಾಗಿ ಶಾಲೆ ಹುಲ್ಲುಗಾವಲಿಗೂ ಹೋಯಿತು. ನಮ್ಮ ಓದುಗರಲ್ಲಿ ಕೆಲವರಿಗೆ ಈ ಅಕ್ಕನ ಪರಿಚಯ ಚೆನ್ನಾಗಿಯೇ ಇರಬೇಕು. ಚಾಳಿನ ಕೋಣೆಯಲ್ಲಿ ತಮ್ಮನನ್ನು ನಿದ್ದೆಗೊಳಿಸಿ, ಪ್ರಾರ್ಥನೆ ಮುಗಿದ ಮೇಲೆ ತರಗತಿಗೆ ಬರುವವಳು ಅವಳೇ ಅಲ್ಲವೆ?

1975ರ ಅಕ್ಟೋಬರ್ 2ರಂದು ಭಾರತ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆಗಳಲ್ಲಿ ಆರಂಭಿಸಿದಾಗ ಅದರ ಕೇಂದ್ರಗಳಿಗೆ ಅಂಗನವಾಡಿಯೆಂಬ ಹೆಸರೇ ಬಂದಿತು. ಆ 33ರಲ್ಲಿ ನಮ್ಮ ಧಾರಾವಿಯೂ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಸೇರಿದ್ದವು. ಅಂಗಳದಲ್ಲಿ ಕಲಿತುದು ಹೀಗೆ ದೇಶಕ್ಕೆಲ್ಲ ಹರಡಿತು. ತೊಟ್ಟಿಲ ಬಳಿ ಕಲಿತುದು ಅಷ್ಟಾಗಿ ಹರಡಲಿಲ್ಲವೆನ್ನಬೇಕು. ಅಂಗನವಾಡಿ ನಡೆಯುವುದು ಸಾಮಾನ್ಯವಾಗಿ ಕೆಲವೇ ಗಂಟೆಗಳ ಕಾಲ. ತಾಯಿಯ ಕೂಲಿ ಮುಗಿಯುವುದು ಸಂಜೆಗೆ.

ಈ ನಗರದಲ್ಲಿ ಮುಂಬಯಿ ಮೊಬೈಲ್ ಕ್ರೆಶ್ ಎಂಬ ಸಂಸ್ಥೆಯು 1972ರಿಂದ ಕಟ್ಟಡ ಕಟ್ಟುವ ಸ್ಥಳಗಳಲ್ಲಿಯೇ ಹಗಲು ಹೊತ್ತಿನ ಶಿಶುಗೃಹಗಳನ್ನು ನಡೆಸಿಕೊಂಡು ಬಂದಿದೆ. ಕಟ್ಟಡವು ಮುಗಿದು ಕೂಲಿಕಾರರು ಗಂಟುಮೂಟೆ ಕಟ್ಟಿದಾಗ ಶಿಶುಗೃಹವೂ ಅಲ್ಲಿಂದೆದ್ದು ಮತ್ತೊಂದು ಕಟ್ಟಡದ ಬುಡಕ್ಕೆ ಹೋಗುತ್ತದೆ.