ನಾಯಿಯೊಡನೆ ಗಡಿ ದಾಟುವ ಮುನ್ನ

ಕೋಲಾರದ ಚಿನ್ನದ ಗಣಿಗಳು (ಕೆ.ಜಿ.ಎಫ್.) 2001ರ ಫೆಬ್ರವರಿ 28ರಂದು ಮುಚ್ಚಿದ ತರುವಾಯ, ಮಾರಿಕುಪ್ಪದಿಂದ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲಗಳಲ್ಲಿ ಜನರನ್ನು ತುಂಬಿಕೊಂಡು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಸಾಗುವ ನಸುಕಿನ ರೈಲೇ ಕೆ.ಜಿ.ಎಫ್. ಸೀಮೆಯ ಸಹಸ್ರಾರು ಸಂಸಾರಗಳಿಗೆ ಅನ್ನದ ದಾರಿಯಾಗಿ ಪರಿಣಮಿಸಿದೆ. ಹಾಗೆ ಎಷ್ಟೋ ವರುಷ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಮರಳಿದ ಹೆಣ್ಣುಮಗಳೊಬ್ಬಳು, ಕೂಡಿಟ್ಟ ಹಣದಿಂದ ಕೆಎ-08 ಫಲಕದ ಚಿಕ್ಕ ಕಾರೊಂದನ್ನು ಕೊಂಡು, ಗಣಿಲೈನಿನ ಮನೆಬಾಗಿಲಲ್ಲಿ ದಿನವೂ ತನಗಾಗಿ ಕಾದು ಕುಳಿತಿರುತ್ತಿದ್ದ ನಾಯಿಯನ್ನು ಜೊತೆಗೆ ಕರೆದುಕೊಂಡು, ಬೇರೆ ಯಾರ ಸಂಗವನ್ನೂ ಬಯಸದೆ, ತಾನೇ ಕಾರು ನಡೆಸಿಕೊಂಡು ನೇಪಾಳದ ಹಿಮಶಿಖರಗಳನ್ನು ನೋಡಿಬರುವೆನೆಂದು ಸಂಕಲ್ಪಿಸಿದಳೆಂದು ಇಟ್ಟುಕೊಳ್ಳೋಣ. ಹೈದರಾಬಾದು, ನಾಗಪುರ, ಜಬಲ್ಪುರ, ಪ್ರಯಾಗ, ಗೋರಖಪುರಗಳ ಮಾರ್ಗವಾಗಿ ಸುನೌಲಿಯ ಗಡಿಗೆ ಸುಮಾರು 2000 ಕಿಲೋಮೀಟರಿನ ದಾರಿ. ಆ ದಾರಿಯಲ್ಲಿ ಆಕೆಗೆ ಕಾನೂನು ಕೊಟ್ಟಿರುವ ಹಕ್ಕುಗಳೇನು, ಹೊರಿಸಿರುವ ವಿಧಿಗಳೇನು, ಆಕೆ ಎಲ್ಲಿ ಎಡವಬಹುದು ಎಂಬುದೇ ಇಲ್ಲಿನ ವಿಚಾರ.

ವಿದೇಶಕ್ಕೆ ಹೋಗುವುದು ಸರ್ಕಾರವು ಕೃಪೆಯಿಂದ ದಯಪಾಲಿಸುವ ವರವೆಂದು ನಮ್ಮಲ್ಲಿ ಅನೇಕರು ಇಂದಿಗೂ ಭಾವಿಸಿರುವರು; ಅದು ತಪ್ಪು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿದೇಶಪ್ರಯಾಣದ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅಂತರ್ಗತವಾದುದೆಂದು ಸಾರಿತು. ನಮ್ಮ ಮೈಸೂರು ಹೈಕೋರ್ಟು ತತ್ಪೂರ್ವದಲ್ಲಿಯೇ ಅದೇ ಅಭಿಪ್ರಾಯಕ್ಕೆ ಬಂದಿದ್ದಿತೆಂಬುದು ಕನ್ನಡಿಗರು ಹೆಮ್ಮೆಯಿಂದ ನೆನೆಯತಕ್ಕ ಸಂಗತಿ. ಆ ತೀರ್ಪಿನ ಫಲವಾಗಿಯೇ ಅದೇ ವರ್ಷ ಪಾಸ್‌ಪೋರ್ಟ್ ಅಧಿನಿಯಮವು ಜನ್ಮತಾಳಿತು. 1978ರ ಮನೇಕಾ ಗಾಂಧಿ ಮೊಕದ್ದಮೆಯಲ್ಲಿ, ಈ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ವಿಧಾನವೂ ನ್ಯಾಯಸಮ್ಮತವಾಗಿರತಕ್ಕದ್ದೆಂಬ ತತ್ತ್ವವು ಸ್ಥಾಪಿತವಾಯಿತು. ಆದುದರಿಂದ ಪಾಸ್‌ಪೋರ್ಟನ್ನು ನಿರಾಕರಿಸುವ ಅಧಿಕಾರಿ ಕಾರಣವನ್ನು ಬರೆದಿಡಬೇಕು. ದೇಶದ ಭದ್ರತೆಯೇ ಮೊದಲಾದ ಕೆಲವು ಸಂದರ್ಭಗಳ ಹೊರತು, ಕೇಳಿದವರಿಗೆ ಅದರ ಪ್ರತಿಯನ್ನು ಕೊಡಬೇಕು. ಅಧಿನಿಯಮದ 11ನೆಯ ಕಲಮಿನಂತೆ ಮೇಲ್ಮನವಿಗೂ ಅವಕಾಶವಿದೆ.

ಇಲ್ಲಿ ನಮ್ಮೂರಿನವರನ್ನು ಬಾಧಿಸುವ ಎರಡು ಶಂಕೆಗಳನ್ನು ನಿವಾರಿಸಬೇಕು. ಗಣಿ ಕಂಪನಿಯ ಕ್ವಾರ್ಟರ್ಸುಗಳಲ್ಲಿ ತಲೆಮಾರುಗಳಿಂದ ವಾಸವಾಗಿದ್ದರೂ ಹಕ್ಕುಪತ್ರ ಕೈಸೇರದವರು, ತಮಗೆ ವಿಳಾಸವೇ ಇಲ್ಲವೆಂಬಂತೆ ಅಳುಕುವುದುಂಟು. ಪಾಸ್‌ಪೋರ್ಟಿಗೆ ಬೇಕಾದುದು ವಾಸ್ತವ್ಯದ ಸಾಕ್ಷ್ಯ, ಒಡೆತನದ ಸಾಕ್ಷ್ಯವಲ್ಲ. ಆಧಾರ್ ಚೀಟಿಯೋ, ಮತದಾರರ ಗುರುತಿನ ಚೀಟಿಯೋ, ವಿದ್ಯುತ್ ಬಿಲ್ಲೋ, ಬ್ಯಾಂಕಿನ ಪಾಸ್‌ಪುಸ್ತಕವೋ ಆ ಕಾರ್ಯವನ್ನು ಸಾಧಿಸಬಲ್ಲದು. ಎರಡನೆಯದು, ಮುಷ್ಕರ ಧರಣಿಗಳ ಕಾಲದ ಯಾವುದೋ ಕ್ರಿಮಿನಲ್ ಮೊಕದ್ದಮೆ ಇನ್ನೂ ಬಾಕಿಯಿದ್ದರೆ ಪಾಸ್‌ಪೋರ್ಟಿನ ಆಸೆಯನ್ನೇ ತ್ಯಜಿಸಬೇಕೆಂಬ ಭಾವನೆ. ಮೊಕದ್ದಮೆ ನಡೆಯುತ್ತಿರುವ ನ್ಯಾಯಾಲಯದ ಅನುಮತಿಯನ್ನು ಪಡೆದು ತಂದವರಿಗೆ 1993ರ ಆಗಸ್ಟ್ 25ರ ಅಧಿಸೂಚನೆಯು ಮಾರ್ಗವನ್ನು ತೆರೆದಿಟ್ಟಿದೆ. ಪೊಲೀಸ್ ವಿಚಾರಣೆಯಲ್ಲಿ ಇದನ್ನು ಮುಚ್ಚಿಡುವುದು ಮಾತ್ರ ಸಲ್ಲದು. ಮೊಕದ್ದಮೆಗಿಂತಲೂ ಮುಚ್ಚಿಟ್ಟ ದೋಷವೇ ದೊಡ್ಡದಾಗುತ್ತದೆ.

ನೇಪಾಳಕ್ಕೆ ಭೂಮಾರ್ಗವಾಗಿ ಹೋಗುವ ಭಾರತೀಯರಿಗೆ ವೀಸಾ ಬೇಕಿಲ್ಲ, ಮತದಾರರ ಗುರುತಿನ ಚೀಟಿಯೂ ಸಾಕು; 1950ರ ಜುಲೈ 31ರ ಶಾಂತಿ ಮತ್ತು ಮೈತ್ರಿ ಒಪ್ಪಂದದ ಕಾಲದಿಂದ ಉಭಯ ದೇಶಗಳ ಪ್ರಜೆಗಳ ನಡುವೆ ಈ ಸಲಿಗೆ ಬೆಳೆದುಬಂದಿದೆ. ಹಾಗಿದ್ದರೂ ಒಂಟಿಯಾಗಿ ಹೋಗುವವರು ಪಾಸ್‌ಪೋರ್ಟನ್ನು ಇಟ್ಟುಕೊಂಡಿರುವುದೇ ಲೇಸು.

ಮನುಷ್ಯರ ಮಾತು ಇಷ್ಟಕ್ಕೆ ಮುಗಿಯಿತು. ನಾಯಿಯ ಮಾತು ಇದಕ್ಕಿಂತ ದೀರ್ಘವಾದುದು, ಜಟಿಲವಾದುದು. ಪ್ರಯಾಣದ ಸಿದ್ಧತೆಯನ್ನು ಎಲ್ಲರೂ ಕಾರಿನಿಂದ ಆರಂಭಿಸುತ್ತಾರೆ. ನಾಯಿಯಿಂದ ಆರಂಭಿಸಬೇಕೆಂಬುದು ನನ್ನ ದೃಢವಾದ ಮತ. ಏಕೆಂದರೆ ಕಾರಿನ ಕಾಗದಗಳು ದಿನಗಳ ಲೆಕ್ಕದಲ್ಲಿ ಸಿದ್ಧವಾಗುವುವು, ನಾಯಿಯ ಕಾಗದಗಳು ತಿಂಗಳುಗಳ ಲೆಕ್ಕದಲ್ಲಿ.

ಕಾನೂನಿನ ದೃಷ್ಟಿಯಲ್ಲಿ ನಾಯಿಯು ಒಡತಿಯ ಸ್ವತ್ತು. ಆದರೆ ನೋವನ್ನು ಅನುಭವಿಸಬಲ್ಲ ಸ್ವತ್ತಾದುದರಿಂದ ಒಡೆತನದ ಜೊತೆಗೆ ಕರ್ತವ್ಯವೂ ಹುಟ್ಟುತ್ತದೆ. 1960ರ ಪ್ರಾಣಿಗಳ ಮೇಲಣ ಕ್ರೌರ್ಯ ತಡೆ ಅಧಿನಿಯಮದ 3ನೆಯ ಕಲಮು ಪ್ರಾಣಿಯನ್ನು ವಶದಲ್ಲಿಟ್ಟುಕೊಂಡವರು ಅದರ ಕ್ಷೇಮವನ್ನು ನೋಡಿಕೊಳ್ಳಬೇಕೆಂದು ವಿಧಿಸುತ್ತದೆ. 11ನೆಯ ಕಲಮಿನ ಪ್ರಕಾರ ಅನವಶ್ಯಕವಾದ ವೇದನೆಯಾಗುವಂತೆ ಅದನ್ನು ಸಾಗಿಸುವುದು ಅಪರಾಧ. 1978ರ ಪ್ರಾಣಿಸಾಗಣೆಯ ನಿಯಮಗಳು, ಪ್ರಯಾಣಕ್ಕೆ ಹೊರಟ ನಾಯಿ ದೇಹದಾರ್ಢ್ಯವುಳ್ಳದ್ದು, ರೇಬೀಸ್ ಮೊದಲಾದ ಸಾಂಕ್ರಾಮಿಕ ರೋಗದ ಚಿಹ್ನೆಗಳಿಲ್ಲದ್ದು ಎಂಬುದಾಗಿ ಪಶುವೈದ್ಯರ ಪ್ರಮಾಣಪತ್ರವಿರಬೇಕೆಂದು ಹೇಳುತ್ತವೆ. ನಾಗಪುರದ ಬಿಸಿಲಿನಲ್ಲಿ ಗಾಜು ಏರಿಸಿದ ಕಾರಿನೊಳಗೆ ನಾಯಿಯನ್ನು ಬಿಟ್ಟು ಊಟಕ್ಕೆ ಹೋಗುವುದು ಮನಸ್ಸಾಕ್ಷಿಗೆ ಮಾತ್ರವಲ್ಲ, ಈ ಅಧಿನಿಯಮಕ್ಕೂ ಉತ್ತರ ಹೇಳಬೇಕಾದ ಕೃತ್ಯ.

ಇನ್ನು ಗಡಿಯ ವಿಚಾರ. ರೇಬೀಸಿನ ಭಯವೇ ಇಲ್ಲಿನ ಸಮಸ್ತ ನಿಯಮಗಳ ಮೂಲ. ನೇಪಾಳದ ಗಡಿಯ ಪಶು ಕ್ವಾರಂಟೀನ್ ತಪಾಸಣಾ ಠಾಣೆಯಲ್ಲಿ ಆರೋಗ್ಯ ಪ್ರಮಾಣಪತ್ರವನ್ನೂ ಲಸಿಕೆಯ ದಾಖಲೆಯನ್ನೂ ತೋರಿಸಬೇಕು. (ತಿಹಾರ್ ಹಬ್ಬದಲ್ಲಿ ನಾಯಿಗೆ ಹಾರ ಹಾಕಿ, ಹಣೆಗೆ ತಿಲಕವಿಟ್ಟು ಪೂಜಿಸುವುದಕ್ಕೆಂದೇ ಒಂದು ದಿನವನ್ನು ಮೀಸಲಿಟ್ಟ ದೇಶವದು, ಆದರೂ ಗಡಿಯ ಅಧಿಕಾರಿ ಕೇಳುವುದು ಕಾಗದವನ್ನೇ.) ಯೂರೋಪಿನವರೆಗೆ ಹೋಗುವ ಉತ್ಸಾಹವುಳ್ಳವರಿಗೆ ಲೆಕ್ಕ ಇನ್ನೂ ಕಠಿನ. ಯೂರೋಪಿಯನ್ ಒಕ್ಕೂಟದ ನಿಯಮಾವಳಿಯಂತೆ ನಾಯಿಯ ಚರ್ಮದಡಿಯಲ್ಲಿ 15 ಅಂಕೆಗಳ ಮೈಕ್ರೋಚಿಪ್ ಇರಬೇಕು. ಲಸಿಕೆ ಅದರ ಅನಂತರವೇ ಆಗಿರಬೇಕು. ಲಸಿಕೆಯಾದ 30 ದಿನಗಳ ಮೇಲೆ ರಕ್ತವನ್ನು ತೆಗೆಯಿಸಿ, ಒಕ್ಕೂಟವು ಒಪ್ಪಿದ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಿ, ರೋಗನಿರೋಧಕ ಪ್ರಮಾಣವು ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕಕ್ಕೆ ಕಡಮೆಯಿಲ್ಲವೆಂದು ತೋರಿಸಬೇಕು. ಭಾರತವು ಒಕ್ಕೂಟದ ಅನುಮೋದಿತ ಪಟ್ಟಿಯಲ್ಲಿಲ್ಲವಾದುದರಿಂದ ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಚಿಪ್ಪಿಗೆ ಮೊದಲೇ ಹಾಕಿಸಿದ ಲಸಿಕೆ ಎಷ್ಟು ಶುದ್ಧವಾದುದಾದರೂ ಈ ಲೆಕ್ಕಕ್ಕೆ ಸಲ್ಲದು. ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಗಣಿಯ ಕಾಲದಲ್ಲಿ ಕೆ.ಜಿ.ಎಫ್.ನಿಂದ ವಲಸೆ ಹೋದ ಆಂಗ್ಲೋ-ಇಂಡಿಯನ್ ಕುಟುಂಬಗಳ ಬಂಧುಗಳನ್ನು ಕಾಣಲು ಆಸ್ಟ್ರೇಲಿಯಕ್ಕೆ ಹೋಗುವವರು ನಾಯಿಯನ್ನು ಮನೆಯಲ್ಲೇ ಬಿಡುವುದು ವಿವೇಕ: ಭಾರತದಿಂದ ನೇರವಾಗಿ ಅಲ್ಲಿಗೆ ನಾಯಿಯನ್ನು ಒಯ್ಯುವಂತಿಲ್ಲ, ಆ ದೇಶವು ಒಪ್ಪಿದ ಬೇರೊಂದು ನಾಡಿನಲ್ಲಿ 180 ದಿನಗಳಾದರೂ ಅದು ನೆಲಸಿರಬೇಕು.

ತಳಿಯ ವಿಚಾರವೊಂದು ಉಳಿಯಿತು. ಬ್ರಿಟನ್ನಿನ 1991ರ ಅಪಾಯಕಾರಿ ನಾಯಿಗಳ ಅಧಿನಿಯಮವು ಪಿಟ್‌ಬುಲ್ ಮೊದಲಾದ ಕೆಲವು ತಳಿಗಳನ್ನು ನಿಷೇಧಿಸಿದೆ. ನಮ್ಮಲ್ಲಿ 2024ರ ಮಾರ್ಚ್ 12ರಂದು ಕೇಂದ್ರದ ಇಲಾಖೆ ಹೊರಡಿಸಿದ ಇಂಥದೇ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟು ಅದೇ ವರ್ಷ ಏಪ್ರಿಲ್ 10ರಂದು ರದ್ದುಗೊಳಿಸಿತು. ಆ ತೀರ್ಪು ಬೆಂಗಳೂರಿನಲ್ಲಿ ರಕ್ಷೆಯಾದೀತೇ ಹೊರತು ಲಂಡನ್ನಿನಲ್ಲಿ ಆಗದು.

ಈಗ ಎಲ್ಲಕ್ಕಿಂತ ಮುಖ್ಯವಾದ ಅಂಶಕ್ಕೆ ಬರೋಣ. ಹೊರಗೆ ಹೋಗುವ ನಾಯಿಗಿಂತ ಒಳಗೆ ಬರುವ ನಾಯಿಯ ಮೇಲೆ ನಮ್ಮ ದೇಶದ ಕಾನೂನು ಹೆಚ್ಚು ಬಿಗಿಯಾದುದು, ಮತ್ತು ಹೊರಡುವ ಸಂಭ್ರಮದಲ್ಲಿ ಯಾರೂ ಇದನ್ನು ಯೋಚಿಸುವುದಿಲ್ಲ. ಪ್ರಜೆಗೆ ಸ್ವದೇಶಕ್ಕೆ ಮರಳುವ ಹಕ್ಕುಂಟು. ಆಕೆಯ ನಾಯಿಗೆ ಅಂಥ ಹಕ್ಕಿಲ್ಲ, ಅದು 1898ರ ಜಾನುವಾರು ಆಮದು ಅಧಿನಿಯಮದ ಅಧೀನಕ್ಕೆ ಒಳಪಟ್ಟು ಬರುವ ಪ್ರಾಣಿ. 2013ರಲ್ಲಿ ಸುಂಕ ಇಲಾಖೆಯು, ಎರಡು ವರ್ಷ ಸತತವಾಗಿ ವಿದೇಶದಲ್ಲಿದ್ದು ವಾಸ್ತವ್ಯವನ್ನೇ ಭಾರತಕ್ಕೆ ಬದಲಿಸುವವರು ಮಾತ್ರ, ಅದೂ ಎರಡಕ್ಕೆ ಮೀರದಂತೆ, ಸಾಕುಪ್ರಾಣಿಗಳನ್ನು ಪ್ರಯಾಣದ ಸಾಮಾನಾಗಿ ತರಬಹುದೆಂದು ಸುತ್ತೋಲೆ ಹೊರಡಿಸಿತು. ಒಂದು ತಿಂಗಳ ಯಾತ್ರೆ ಮುಗಿಸಿ ಬರುವ ನಮ್ಮ ಹೆಣ್ಣುಮಗಳು ಈ ವಾಕ್ಯದೊಳಗೆ ಸುಲಭವಾಗಿ ಸೇರುವವಳಲ್ಲ. ಅಲ್ಲದೆ ಪ್ರಾಣಿಗಳ ಆಮದನ್ನು ಪರೀಕ್ಷಿಸುವ ಪಶು ಕ್ವಾರಂಟೀನ್ ಮತ್ತು ಪ್ರಮಾಣೀಕರಣ ಸೇವೆಯ ಠಾಣೆಗಳಿರುವುದು ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಹೈದರಾಬಾದು, ಬೆಂಗಳೂರುಗಳಲ್ಲಿ; ಸುನೌಲಿಯ ರಸ್ತೆಯಲ್ಲಲ್ಲ.

ಆದುದರಿಂದ ಹೊರಡುವ ಮೊದಲೇ ಹೆಸರಘಟ್ಟದಲ್ಲಿರುವ ಬೆಂಗಳೂರಿನ ಠಾಣೆಗೆ ಪತ್ರ ಬರೆದು, ನಾಯಿಯ ತಳಿ, ವಯಸ್ಸು, ಚಿಪ್ಪಿನ ಸಂಖ್ಯೆ, ಹೋಗುವ ಗಡಿ, ಬರುವ ಗಡಿ, ದಿನಾಂಕಗಳನ್ನು ಸ್ಪಷ್ಟವಾಗಿ ನಮೂದಿಸಿ, ಭಾರತದಿಂದಲೇ ಹೊರಟ ಈ ನಾಯಿ ಭೂಮಾರ್ಗವಾಗಿ ಮರಳಲು ಇಂದು ಜಾರಿಯಲ್ಲಿರುವ ವಿಧಿ ಯಾವುದೆಂದು ಕೇಳಬೇಕು. ಬಾಯಿಮಾತಿನ ಭರವಸೆಗೆ ತೃಪ್ತರಾಗದೆ ಲಿಖಿತ ಉತ್ತರವನ್ನೇ ಪಡೆಯಬೇಕು. ಉತ್ತರ ಬಾರದಿದ್ದಲ್ಲಿ 2005ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ 10 ರೂಪಾಯಿ ಶುಲ್ಕ ತೆತ್ತು ಅರ್ಜಿ ಹಾಕಬಹುದು. 30 ದಿನಗಳೊಳಗೆ ಉತ್ತರಿಸುವುದು ಅಧಿಕಾರಿಯ ಕರ್ತವ್ಯ. ಆ ಅರ್ಜಿಯಲ್ಲಿ ‘ನಾನು ಏನು ಮಾಡಲಿ’ ಎಂದು ಸಲಹೆ ಕೇಳಬಾರದು, ಅಧಿನಿಯಮವು ಸಲಹೆಯನ್ನು ಕೊಡಿಸುವುದಿಲ್ಲ. ‘ಜಾರಿಯಲ್ಲಿರುವ ಸುತ್ತೋಲೆಗಳ ಪ್ರತಿಗಳನ್ನು ಕೊಡಿ’ ಎಂದು ದಾಖಲೆಯನ್ನು ಕೇಳಬೇಕು. ಹೊರಡುವಾಗ ಆ ಠಾಣೆಯಿಂದಲೇ ಪಡೆದ ಆರೋಗ್ಯ ಪ್ರಮಾಣಪತ್ರವು, ಚಿಪ್ಪಿನ ಸಂಖ್ಯೆಯೊಡನೆ, ಮರಳುವಾಗ ಇದು ನಮ್ಮದೇ ನಾಯಿಯೆಂಬುದಕ್ಕೆ ಬಲವಾದ ಸಾಕ್ಷ್ಯವಾಗುತ್ತದೆ; ಅದರ ಮೂಲಪ್ರತಿಯನ್ನು ಯಾವ ಗಡಿಯಲ್ಲೂ ಬಿಟ್ಟುಕೊಡಬಾರದು.

ಕಾರಿನ ವಿಚಾರವನ್ನು ಸಂಕ್ಷೇಪವಾಗಿ ಹೇಳುವೆನು. ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಕೆ.ಜಿ.ಎಫ್.ನ ಆರ್‌ಟಿಓ ಕಚೇರಿಯಲ್ಲಿ 4ಎ ನಮೂನೆಯಲ್ಲಿ ಅರ್ಜಿ ಹಾಕಿ 1000 ರೂಪಾಯಿ ಕಟ್ಟಬೇಕು. ಅದರ ಆಯುಷ್ಯ ಹೆಚ್ಚೆಂದರೆ ಒಂದು ವರ್ಷ. ನೇಪಾಳದಲ್ಲಿ ನಮ್ಮ ಚಾಲನಾ ಪರವಾನಗಿಯೇ ನಡೆಯುತ್ತದೆ. ವಾಹನಕ್ಕೆ ಮಾತ್ರ ಗಡಿಯಲ್ಲಿ ಭನ್ಸಾರ್ ಎಂಬ ದಿನಲೆಕ್ಕದ ಸುಂಕವನ್ನು ಕಟ್ಟಿ ರಸೀದಿ ಪಡೆಯಬೇಕು. ದೂರದೇಶಗಳಿಗಾದರೆ 1954ರ ನ್ಯೂಯಾರ್ಕ್ ಸುಂಕ ಒಡಂಬಡಿಕೆಯ ಪ್ರಕಾರ ಕಾರ್ನೆ ಎಂಬ ಜಾಮೀನು ಪುಸ್ತಕ ಬೇಕಾಗಬಹುದು, ಕಾರನ್ನು ಅಲ್ಲಿಯೇ ಮಾರದೆ ಮರಳಿ ತರುವೆನೆಂಬುದಕ್ಕೆ ಅದು ಹೊಣೆ. ಸಾಲದ ಮೇಲೆ ಕೊಂಡ ಕಾರಾದರೆ ಬ್ಯಾಂಕಿನ ಒಪ್ಪಿಗೆ ಪತ್ರವನ್ನು ತೆಗೆದುಕೊಳ್ಳಬೇಕು. ವಿಮೆಯ ವ್ಯಾಪ್ತಿ ಸಾಮಾನ್ಯವಾಗಿ ಭಾರತದ ಗಡಿಯಲ್ಲೇ ಮುಗಿಯುತ್ತದೆಂಬುದನ್ನು ಬಹುಮಂದಿ ಅಪಘಾತವಾದ ಮೇಲೆ ಅರಿಯುತ್ತಾರೆ. ಹೆಚ್ಚುವರಿ ಕಂತು ಕಟ್ಟಿದರೆ ನೇಪಾಳ, ಭೂತಾನ, ಬಾಂಗ್ಲಾದೇಶ ಮೊದಲಾದ ನೆರೆದೇಶಗಳಿಗೆ ಅದನ್ನು ವಿಸ್ತರಿಸಿಕೊಳ್ಳಬಹುದು, ಮತ್ತು ಆ ವಿಸ್ತರಣೆ ಪಾಲಿಸಿಯ ಮೇಲೆ ಬರೆದಿರಬೇಕು.

ಒಂಟಿಯಾಗಿ ಸಾಗುವವಳಿಗೆ ಹಾದಿಯಲ್ಲಿ ಕಾನೂನೇ ಸಂಗಾತಿ. ದೇಶದೊಳಗೆ ಚಾಲನಾ ಪರವಾನಗಿ, ಆರ್‌.ಸಿ.ಗಳನ್ನು ಡಿಜಿಲಾಕರಿನಲ್ಲಿ ತೋರಿಸಿದರೆ ಸಾಕು. ಗಡಿಯಾಚೆ ಕಾಗದವೇ ಬೇಕು. ಅಪರಿಚಿತ ರಾಜ್ಯದಲ್ಲಿ ಕಳ್ಳತನವೋ ಹಲ್ಲೆಯೋ ಆದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಘಟನೆ ನಡೆದ ಸ್ಥಳ ಯಾವ ಠಾಣೆಯ ಸರಹದ್ದೇ ಆಗಿರಲಿ, ಹತ್ತಿರದ ಠಾಣೆಯಲ್ಲಿ ದೂರು ದಾಖಲಿಸಬಹುದು. ಅದರ ಪ್ರತಿ ಉಚಿತ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಅಸಾಧಾರಣ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿಯಿಂದಲ್ಲದೆ, ಹೆಂಗಸನ್ನು ಬಂಧಿಸುವಂತಿಲ್ಲ. ವಿದೇಶದಲ್ಲಿ ಬಂಧನಕ್ಕೊಳಗಾದರೆ 1963ರ ವಿಯೆನ್ನಾ ಒಡಂಬಡಿಕೆಯ 36ನೆಯ ಅನುಚ್ಛೇದವನ್ನು ಹೆಸರಿಸಿ, ‘ಭಾರತದ ರಾಯಭಾರ ಕಚೇರಿಗೆ ತಿಳಿಸಿ’ ಎಂದು ಕೇಳುವುದು ಪ್ರತಿಯೊಬ್ಬ ಪ್ರಯಾಣಿಕರ ಹಕ್ಕು. ಹಾಗೆ ಬಂಧನವಾದರೆ ನಾಯಿಯ ಗತಿಯೇನೆಂಬುದನ್ನೂ ಮುಂದಾಗಿ ಯೋಚಿಸಿ, ಊರಿನಲ್ಲಿರುವ ನಂಬಿಕಸ್ಥರೊಬ್ಬರಿಗೆ ಅದನ್ನು ವಶಕ್ಕೆ ಪಡೆಯುವ ಅಧಿಕಾರಪತ್ರವನ್ನು ಬರೆದುಕೊಟ್ಟಿರಬೇಕು.

ಸಾರಿಗೆ ಇಲಾಖೆಯ ಹಲವು ಸೇವೆಗಳು 2011ರ ಸಕಾಲ ಅಧಿನಿಯಮದ ವ್ಯಾಪ್ತಿಯಲ್ಲಿವೆ; ಅರ್ಜಿಯೊಡನೆ 15 ಅಂಕೆಗಳ ಸಕಾಲ ಸಂಖ್ಯೆಯನ್ನು ಕೇಳಿ ಪಡೆಯಬೇಕು, ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ಹೆಂಗಸರಿಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುವುದು 1987ರ ಕಾನೂನು ಸೇವೆಗಳ ಅಧಿನಿಯಮದ 12ನೆಯ ಕಲಮಿನಿಂದ. ತಾಲ್ಲೂಕಿನ ಕಾನೂನು ಸೇವಾ ಸಮಿತಿಯನ್ನು ಕಾಣಬಹುದು, ಅಥವಾ 15100 ಸಂಖ್ಯೆಗೆ ಕರೆ ಮಾಡಬಹುದು.

ವಾಚಕರಲ್ಲಿ ನನ್ನದೊಂದೇ ವಿಜ್ಞಾಪನೆ. ಹೊರಡುವ ದಿನಕ್ಕೆ ಆರು ತಿಂಗಳು ಮುಂಚಿತವಾಗಿ ನಾಯಿಯನ್ನು ಪಶುವೈದ್ಯರ ಬಳಿಗೆ ಕರೆದೊಯ್ದು ಮೊದಲು ಚಿಪ್ಪನ್ನೂ ಆಮೇಲೆ ಲಸಿಕೆಯನ್ನೂ ಹಾಕಿಸಿರಿ. ಅದೇ ವಾರ ಹೆಸರಘಟ್ಟಕ್ಕೆ ಪತ್ರ ಬರೆಯಿರಿ. ಮರಳುವ ದಾರಿಯ ಉತ್ತರ ಲಿಖಿತವಾಗಿ ಕೈಸೇರುವ ತನಕ ನಾಯಿಯನ್ನು ಗಡಿಯಾಚೆಗೆ ಒಯ್ಯಬೇಡಿರಿ.